ನಾನೊಂದು ಫಾರಂ ಮಾಡಿದೆ

— ಅಂತಿಮ ಬಿ.ಎ. ವಿದ್ಯಾರ್ಥಿ

ಫಾರಂ ತುಂಬುವುದು ಒಂದು ವಿದ್ಯೆ. ಅದನ್ನು ಯಾವ ಕಾಲೇಜಿನಲ್ಲಿಯೂ ಕಲಿಸುವುದಿಲ್ಲ. ಆದರೆ ಕಾಲೇಜಿಗೆ ಸೇರಬೇಕಾದರೆ ಅದು ಬಂದಿರಲೇಬೇಕು. ನನಗೆ ಅದು ಹತ್ತನೆಯ ವಯಸ್ಸಿಗೇ ಬಂದಿತ್ತು. ನಮ್ಮ ಮನೆತನದಲ್ಲಿ ಮೂರನೆಯ ತರಗತಿಯನ್ನು ದಾಟಿದವರಲ್ಲಿ ನಾನೇ ಮೊದಲನೆಯವನು. ಆದ್ದರಿಂದ ರೇಷನ್ ಕಾರ್ಡಿನ ಅರ್ಜಿ, ಬ್ಯಾಂಕಿನಲ್ಲಿ ಹಣ ತೆಗೆಯುವ ಚೀಟಿ, ಸಾಲದ ಅರ್ಜಿ, ಇವೆಲ್ಲ ಮೊದಲು ನಮ್ಮ ಮನೆಯವು, ಅನಂತರ ನಮ್ಮ ಬೀದಿಯವು, ಕಡೆಗೆ ಊರಿನವೂ ಸಹ ನನ್ನ ಮುಂದೆ ಬಂದು ಕೂರತೊಡಗಿದವು. ಶಾಲೆಯ ಫಾರಂಗಳಲ್ಲಿ 'ತಂದೆಯ ವಿದ್ಯಾರ್ಹತೆ' ಎಂದೊಂದು ಚೌಕವಿರುತ್ತದೆ. ಅದರಲ್ಲಿ 'ಇಲ್ಲ' ಎಂದು ಬರೆದು ಬರೆದು ಕೈಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಒಂದು ಸಲ 'ತಂದೆಯ ಹೆಸರು' ಎಂಬಲ್ಲಿಯೂ 'ಇಲ್ಲ' ಎಂದೇ ಬರೆದುಬಿಟ್ಟೆ. ಅಪ್ಪ ಪಕ್ಕದಲ್ಲಿಯೇ ಬೀಡಿ ಹಚ್ಚಿಕೊಂಡು ಕುಳಿತಿದ್ದ!

ಇಂಥ ನಾನು ಹೋದ ವರ್ಷ ಒಂದು ಫಾರಂ ತುಂಬುವುದನ್ನು ಬಿಟ್ಟು ಒಂದು ಫಾರಂ ಮಾಡಲು ಹೊರಟೆ. ಕಾಗದದ ಮೇಲಲ್ಲ, ಕಂಪ್ಯೂಟರಿನ ಮೇಲೆ. ಅದೂ ಜಾವಾ ಭಾಷೆಯಲ್ಲಿ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವವನಿಗೆ ಈ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಕಾರಣ ನಮ್ಮ ಅವ್ವ.

ನಮ್ಮೂರಿನಲ್ಲಿ ಹೆಂಗಸರ ಉಳಿತಾಯದ ಸಂಘವೊಂದಿದೆ. ಹದಿನೆಂಟು ಜನ. ಪ್ರತಿ ಭಾನುವಾರ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯ ಜಗಲಿಯ ಮೇಲೆ ಸೇರುತ್ತಾರೆ. ತಲೆಗೆ 50 ರೂಪಾಯಿ. ಕೂಡಿದ ಹಣದಿಂದ ಕಷ್ಟಕ್ಕೆ ಸಾಲ ಕೊಡುತ್ತಾರೆ. ಆದರೆ ಬಾಕಿ ಉಳಿಸಿಕೊಂಡವರಿಗೆ ಸಾಲವಿಲ್ಲ. ಇದು ಅವರೇ ಮಾಡಿಕೊಂಡ ನಿಯಮ, ಬಹಳ ಬಿಗಿಯಾದ ನಿಯಮ. ಲೆಕ್ಕದ ಪುಸ್ತಕವನ್ನು ಬರೆಯುತ್ತಿದ್ದ ಪಕ್ಕದ ಮನೆಯ ಸೊಸೆ ಗಂಡನೊಡನೆ ಬೆಂಗಳೂರಿಗೆ ಹೊರಟುಹೋದ ಮೇಲೆ ಆ ಪುಸ್ತಕ ನನ್ನ ಪಾಲಿಗೆ ಬಂತು. ನಾನು ವಾರವಿಡೀ ಹಾಸ್ಟೆಲಿನಲ್ಲಿರುವವನು; ಶನಿವಾರ ಊರಿಗೆ ಹೋಗಿ ಸೋಮವಾರದ ಮೊದಲ ಬಸ್ಸಿಗೆ ಹಿಂದಿರುಗುತ್ತೇನೆ. ಆ ಪುಸ್ತಕವೋ, ಎಣ್ಣೆಯ ಕಲೆ, ಹೊಡೆದು ತಿದ್ದಿದ ಅಂಕಿ, ಅಂಚಿನಲ್ಲಿ ಮಗುವೊಂದು ಬಿಡಿಸಿದ ಕೋಳಿ! ಬಿ.ಎ. ಓದುವ ಮಗ ಇದನ್ನು ಹಿಡಿದುಕೊಂಡು ಕೂರುವುದೆ ಎಂದು ನನಗೆ ಒಳಗೊಳಗೇ ಸಂಕೋಚ. ಇದಕ್ಕಿಂತ ಚೆನ್ನಾದುದನ್ನು ಮಾಡಿ ತೋರಿಸಬೇಕೆಂಬ ಹಟ ಹುಟ್ಟಿತು. ಮೊಬೈಲಿನಲ್ಲಿ ಸಿದ್ಧವಾದವು ಬೇಕಾದಷ್ಟಿವೆಯಲ್ಲ ಎನ್ನುವಿರಿ. ಇವೆ. ಆದರೆ ಅವನ್ನು ನಾನು ಮಾಡಿದ್ದಲ್ಲವಲ್ಲ!

ಗುರುವಾಗಿ ದೊರೆತವನು ನನ್ನ ಕೋಣೆಯ ಗೆಳೆಯ, ಬಿ.ಸಿ.ಎ. ವಿದ್ಯಾರ್ಥಿ. ಅವನಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು; ವೈರು ಕಿತ್ತರೆ ಹತ್ತು ನಿಮಿಷ ಉಸಿರು ಹಿಡಿಯುವಂಥದು. ಅದರಲ್ಲಿದ್ದುದು ಜಾವಾದ 8ನೆಯ ಆವೃತ್ತಿ, 2014ರದು. ಜಾವಾ ಹುಟ್ಟಿದ್ದು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪನಿಯಲ್ಲಿ. ಲೋಕಕ್ಕೆ ಬಂದದ್ದು 1995ರಲ್ಲಿ. ಜೇಮ್ಸ್ ಗಾಸ್ಲಿಂಗ್ ಎಂಬಾತ ಅದರ ಜನಕ. ಮೊದಲು ಅದಕ್ಕೆ ಓಕ್ ಮರದ ಹೆಸರಿಟ್ಟಿದ್ದರು. ಅನಂತರ ಕಾಫಿಯ ಹೆಸರಿಟ್ಟರು. ಅದರ ಗುರುತು ಹಬೆಯಾಡುವ ಒಂದು ಕಪ್ಪು. ನಮ್ಮ ಹಾಸ್ಟೆಲಿನಲ್ಲಿ ಆ ಬಗೆಯ ಕಾಫಿಯನ್ನು ಚಿತ್ರದಲ್ಲಿ ಮಾತ್ರ ಕಾಣಲು ಸಾಧ್ಯ. ಇರಲಿ.

ಫಾರಂ ಕಟ್ಟುವುದಕ್ಕೆ ಜಾವಾದಲ್ಲಿ 'ಸ್ವಿಂಗ್' ಎಂಬ ಸಾಮಗ್ರಿಯಿದೆ. ಹೊರಗಿನ ಕಿಟಕಿಗೆ ಜೆಫ್ರೇಮ್ ಎಂದು ಹೆಸರು. ಅದರೊಳಗೆ 'ಹೆಸರು', 'ಮೊತ್ತ' ಎಂದು ಬರೆದು ತೂಗುಹಾಕುವ ಪಟ್ಟಿ ಜೆಲೇಬಲ್. ಬೆರಳಚ್ಚು ಮಾಡುವ ಚೌಕ ಜೆಟೆಕ್ಸ್ಟ್‌ಫೀಲ್ಡ್. ಒತ್ತುವ ಗುಂಡಿ ಜೆಬಟನ್. ಇವನ್ನೆಲ್ಲ ಸಾಲಾಗಿ ಜೋಡಿಸುವುದಕ್ಕೆ ಗ್ರಿಡ್‌ಲೇಔಟ್ ಎಂಬ ಮೇಸ್ತ್ರಿಯನ್ನು ಕರೆಯಬೇಕು. ಈ ಮೇಸ್ತ್ರಿಗೆ ಸಮಾನತೆಯ ಹುಚ್ಚು. ಎಲ್ಲರಿಗೂ ಒಂದೇ ಅಳತೆಯ ಜಾಗ ಕೊಡುತ್ತಾನೆ. ಹೀಗಾಗಿ ನನ್ನ ಗುಂಡಿ ಹೆಸರಿನ ಚೌಕದಷ್ಟೇ ಉದ್ದವಾಗಿ, ಮಲಗಿದ ಎಮ್ಮೆಯಂತೆ ಕಾಣುತ್ತಿತ್ತು. ಇಷ್ಟನ್ನೆಲ್ಲ ಕಟ್ಟಿ ನಡೆಸಿದರೆ ಪರದೆಯ ಮೇಲೆ ಏನೂ ಇಲ್ಲ! ಕಿಟಕಿಗೆ 'ಕಾಣಿಸಿಕೊ' ಎಂದು ಬೇರೆಯಾಗಿ ಹೇಳಬೇಕಂತೆ. ಹೇಳದಿದ್ದರೆ ಹೊಸ ಮದುವಣಗಿತ್ತಿಯಂತೆ ಒಳಗೇ ಕುಳಿತಿರುತ್ತದೆ.

ಕಾಣಿಸಿಕೊಂಡಿತು. ಗುಂಡಿಯನ್ನು ಒತ್ತಿದೆ. ಏನೂ ಆಗಲಿಲ್ಲ. ಗೆಳೆಯ ನಕ್ಕ. "ಗುಂಡಿ ಇಟ್ಟಿದ್ದೀಯೆ ಸರಿ, ಕೇಳುವವರನ್ನು ಇಟ್ಟಿಲ್ಲವಲ್ಲ" ಎಂದ. ಗುಂಡಿಯನ್ನು ಒತ್ತಿದ ಸದ್ದಿಗೆ ಕಿವಿಗೊಟ್ಟು ಕೂರಲು ಒಬ್ಬನನ್ನು ನೇಮಿಸಬೇಕು. ಅವನಿಗೆ ಆ್ಯಕ್ಷನ್ ಲಿಸನರ್ ಎಂದು ಹೆಸರು. ಅವನಿಲ್ಲದ ಗುಂಡಿಯನ್ನು ಸಾಯಂಕಾಲದವರೆಗೆ ಒತ್ತಿದರೂ ಫಲವಿಲ್ಲ. ಅಪ್ಪನೊಡನೆ ನಾನು ಸುತ್ತಿದ ಕೆಲವು ಕಿಟಕಿಗಳು ನನಗೆ ಆಗ ನೆನಪಿಗೆ ಬಂದವು.

ಗೆಳೆಯ ಗುಂಡಿಯ ಮೇಲೆ 'ಸೇವ್' ಎಂದು ಬರೆದಿದ್ದ. ನಾನು ಅದನ್ನು ಅಳಿಸಿ 'ಉಳಿಸು' ಎಂದು ಬರೆದೆ. ಕನ್ನಡದ ಅಕ್ಷರ ಕೆಡದಿರಬೇಕಾದರೆ ಪ್ರೋಗ್ರಾಮನ್ನು ಸಿದ್ಧಪಡಿಸುವಾಗ 'ಇದು ಯುಟಿಎಫ್-8 ಸಂಕೇತದಲ್ಲಿದೆ' ಎಂದು ಹೇಳಬೇಕೆಂದು ಅವನು ಕಲಿಸಿಕೊಟ್ಟ. ಹೇಳಿದೆ. 'ಹೆಸರು', 'ಗಂಡನ ಹೆಸರು', 'ಹುಟ್ಟಿದ ದಿನಾಂಕ', 'ಮೊತ್ತ', 'ಉಳಿಸು', ಎಲ್ಲವೂ ಮುತ್ತು ಪೋಣಿಸಿದಂತೆ ಕಂಡವು. ಮೊದಲ ಬಾರಿಗೆ ಒಂದು ಫಾರಂ ನನ್ನ ಮಾತನ್ನು ಕೇಳುತ್ತಿತ್ತು.

ಮೊತ್ತದ ಚೌಕ ಸ್ವಲ್ಪ ತೊಂದರೆ ಕೊಟ್ಟಿತು. ಚೌಕದಲ್ಲಿ ಬರೆದದ್ದು ಏನೇ ಇರಲಿ ಜಾವಾದ ಪಾಲಿಗೆ ಅದು ಬರಿಯ ಅಕ್ಷರಮಾಲೆ. ಅದನ್ನು ಸಂಖ್ಯೆಯಾಗಿ ಮಾಡುವ ಕೆಲಸ ಪಾರ್ಸ್‌ಇಂಟ್ ಎಂಬುವನದು. ನಾನು ಲೆಕ್ಕದ ಪುಸ್ತಕದ ಅಭ್ಯಾಸದಂತೆ '50/-' ಎಂದು ಹೊಡೆದೆ. ಅವನು ರೇಗಿ ನಂಬರ್ ಫಾರ್ಮ್ಯಾಟ್ ಎಕ್ಸೆಪ್ಷನ್ ಎಂದು ಒಂದು ಪುಟ ಬೈದ. ಅಂಕಿಯ ಹಿಂದೆ ಒಂದು ಖಾಲಿ ಜಾಗ ಬಿಟ್ಟರೂ ಬೈದ. ಬೇಸತ್ತು, ಹೇಗೂ ಬೈಯುತ್ತಾನೆ ಎಂದುಕೊಂಡು ಕನ್ನಡ ಅಂಕಿಯಲ್ಲಿ '೫೦' ಎಂದು ಕೊಟ್ಟೆ. ಆಶ್ಚರ್ಯ! ತುಟಿಪಿಟಕ್ಕೆನ್ನದೆ ತೆಗೆದುಕೊಂಡ. ಯಾವ ಲಿಪಿಯ ಹತ್ತು ಅಂಕಿಗಳಾದರೂ ಅವನಿಗೆ ಗೊತ್ತಂತೆ. ಅಂದು ರಾತ್ರಿ ನಾನು ಜಾವಾ ಭಾಷೆಗೆ ಮನಸ್ಸಿನಲ್ಲಿಯೇ ಕೈಮುಗಿದೆ. ಈ ಕೈಮುಗಿತ ಸ್ವಲ್ಪ ಅವಸರದ್ದಾಯಿತೆಂಬುದು ಮುಂದೆ ತಿಳಿಯುತ್ತದೆ.

ಇನ್ನು ಬರೆದದ್ದನ್ನು ಕಡತಕ್ಕೆ ಸೇರಿಸುವ ಕೆಲಸ. ಫೈಲ್‌ರೈಟರ್ ಎಂಬ ಗುಮಾಸ್ತನಿಗೆ 'ಹಿಂದಿನದರ ಕೆಳಗೆ ಬರೆ' ಎಂದು ಹೇಳದಿದ್ದರೆ ಅವನು ಪ್ರತಿ ಸಲವೂ ಹಳೆಯದನ್ನು ಒರೆಸಿ ಹೊಸದನ್ನು ಬರೆಯುತ್ತಾನೆ. ಅದನ್ನೂ ಸರಿಪಡಿಸಿದೆ. ಹೆಸರಿನ ಚೌಕದಲ್ಲಿ ಇಂಗ್ಲಿಷಿನಲ್ಲಿ 'ಎ ಬಿ ಸಿ' ಎಂದೂ ಗಂಡನ ಚೌಕದಲ್ಲಿ 'ಎಕ್ಸ್ ವೈ ಜೆಡ್' ಎಂದೂ ಹೊಡೆದು ಹತ್ತು ಬಾರಿ ಪರೀಕ್ಷೆ ಮಾಡಿದೆ. ಹತ್ತು ಬಾರಿಯೂ ಸರಿಯಾಗಿತ್ತು.

ಭಾನುವಾರ ಬಂತು. ಜಗಲಿಯ ಮೇಲೆ ಲ್ಯಾಪ್‌ಟಾಪನ್ನಿಟ್ಟು, ಒಳಗಿನಿಂದ ವೈರು ಎಳೆದು, ನಾನು ಶಾನುಭೋಗನಂತೆ ಕುಳಿತೆ. "ಅವ್ವಾ, ಪುಸ್ತಕ ಒಳಗಿಡು. ಇನ್ನು ಅದು ಬೇಡ" ಎಂದೆ. ಅವ್ವ ಮಾತನಾಡದೆ ಒಳಗಿಟ್ಟಳು. ಅಂದು ಹದಿನೇಳು ಜನ ಬಂದಿದ್ದರು. ಒಬ್ಬಾಕೆ ಮಗಳ ಬಾಣಂತನಕ್ಕೆ ಹೋಗಿದ್ದಳು.

ಮೊದಲನೆಯವಳ ಹೆಸರಾಯಿತು. "ಗಂಡನ ಹೆಸರು?" ಎಂದೆ. ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. ಆಗ ನನಗೆ ಹೊಳೆಯಿತು. ನಮ್ಮೂರಿನ ಹಿರಿಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಇಪ್ಪತ್ತು ವರ್ಷ ಆ ಊರಿನಲ್ಲೇ ಬೆಳೆದವನಿಗೆ ಇದು ತಿಳಿಯದುದೇನಲ್ಲ. ಆದರೆ ಫಾರಂ ಮಾಡುವಾಗ ನಾನು ಊರನ್ನು ನೆನೆಯಲಿಲ್ಲ, ನಾನು ತುಂಬಿದ ಫಾರಂಗಳನ್ನು ನೆನೆದಿದ್ದೆ. ಕಡೆಗೆ ಒಬ್ಬೊಬ್ಬಳ ಗಂಡನ ಹೆಸರನ್ನು ಮಿಕ್ಕವರು ಕೂಗಿ ಹೇಳುವುದೆಂದು ತೀರ್ಮಾನವಾಗಿ, ಜಗಲಿಯ ಮೇಲೆ ಮದುವೆಮನೆಯ ಗದ್ದಲವೆದ್ದಿತು. ಗಂಡನಿಲ್ಲದ ಇಬ್ಬರು ಮಾತ್ರ ನಗಲಿಲ್ಲ. ಅವರ ಸರದಿ ಬಂದಾಗ ನನ್ನ ಫಾರಂ ಆ ಚೌಕವನ್ನು ಖಾಲಿ ಬಿಡಲು ಒಪ್ಪಲಿಲ್ಲ. ಹಾಗೆ ಒಪ್ಪಬಾರದೆಂದು ಅದಕ್ಕೆ ಹೇಳಿಕೊಟ್ಟವನು ನಾನೇ.

ಅನಂತರ ಹುಟ್ಟಿದ ದಿನಾಂಕ. "ಕೆರೆ ಕೋಡಿ ಬಿದ್ದ ವರ್ಷ" ಎಂದಳು ಒಬ್ಬಳು. ಇನ್ನೊಬ್ಬಳು, "ಐವತ್ತು ರೂಪಾಯಿ ಕೊಡೋಕೆ ಹುಟ್ಟಿದ ದಿನ ಯಾಕಪ್ಪಾ?" ಎಂದು ಕೇಳಿದಳು. ನನಗೆ ಉತ್ತರ ತೋರಲಿಲ್ಲ. ನಮ್ಮ ಕಡೆ ಶಾಲೆಗೆ ಹೋದವರಲ್ಲಿ ಅನೇಕರು ಕಾಗದದ ಮೇಲೆ ಜೂನ್ 1ರಂದು ಹುಟ್ಟಿದವರು, ಹೋಗದವರಲ್ಲಿ ಅನೇಕರು ಜನವರಿ 1ರಂದು. ಇದನ್ನು ಹೇಳಿಕೊಂಡು ಹಾಸ್ಟೆಲಿನಲ್ಲಿ ನಾವು ನಕ್ಕದ್ದುಂಟು. ಅಂದು ಕತ್ತಲಾಗುತ್ತಿತ್ತು, ಕರೆಂಟು ಯಾವ ಗಳಿಗೆಯಲ್ಲಾದರೂ ಹೋಗುವಂತಿತ್ತು, ಚೌಕ ಖಾಲಿ ಬಿಡುವಂತಿರಲಿಲ್ಲ. ನಾನು ಹದಿನೇಳು ಜನರನ್ನೂ ನನ್ನ ಕೈಯಿಂದಲೇ ಜನವರಿ 1ರಂದು ಹುಟ್ಟಿಸಿದೆ.

ಅಂತೂ ಮುಗಿಯಿತು. ಪ್ರತಿ ಸಲ ಗುಂಡಿ ಒತ್ತುವಾಗಲೂ ಅವ್ವ ಬಗ್ಗಿ ನೋಡುತ್ತಿದ್ದಳು. "ಅದೇನು ಬರೆದದೆ ಅಲ್ಲಿ?" ಎಂದು ಕೇಳಿದಳು. "ಉಳಿಸು ಅಂತ" ಎಂದೆ. "ಅಕ್ಕಾ, ನೋಡು, ಮಿಷೀನೂ ಉಳಿಸು ಅಂತಲೇ ಹೇಳ್ತದೆ" ಎಂದು ಅವ್ವ ಪಕ್ಕದವಳಿಗೆ ಹೇಳಿದಳು. ಅವಳ ಮುಖದಲ್ಲಿ ಅಂದು ಇದ್ದ ಹೆಮ್ಮೆಯನ್ನು ನಾನು ಪಿ.ಯು.ಸಿ. ಪಾಸಾದ ದಿನವೂ ಕಂಡಿರಲಿಲ್ಲ.

ಊಟವಾದ ಮೇಲೆ ಲೆಕ್ಕ ಕೂಡಿಸೋಣವೆಂದು ಕಡತವನ್ನು ತೆರೆದೆ. ಹದಿನೇಳು ಸಾಲು ಇದ್ದವು. ದಿನಾಂಕಗಳಿದ್ದವು, ಮೊತ್ತಗಳಿದ್ದವು. ಕೂಡಿದರೆ 1000 ರೂಪಾಯಿ, ಡಬ್ಬಿಯಲ್ಲಿದ್ದುದೂ ಅಷ್ಟೇ. ಹೆಸರುಗಳಿರಬೇಕಾದ ಕಡೆ ಮಾತ್ರ ಉದ್ದಕ್ಕೂ ಪ್ರಶ್ನೆ ಚಿಹ್ನೆಗಳು. '?????????' ಹೀಗೆ. ಒಂದೇ ಒಂದು ಹೆಸರಿಲ್ಲ. ಗಂಡಂದಿರೂ ಇಲ್ಲ. ಹಣ ಉಳಿದಿತ್ತು, ಯಾರ ಹಣವೆಂಬುದು ಉಳಿದಿರಲಿಲ್ಲ.

ನಾನು ಹೊರಗೆ ಹೋಗಿ ಗೆಳೆಯನಿಗೆ ಫೋನು ಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಫೈಲ್‌ರೈಟರಿಗೆ ಸಂಕೇತ ಹೇಳಿದ್ದೆಯಾ?" ಇಲ್ಲ. ಪ್ರೋಗ್ರಾಮನ್ನು ಸಿದ್ಧಪಡಿಸುವಾಗ ಹೇಳಿದ್ದು ಅದರ ಪಟ್ಟಿಗಳಿಗೆ ಮಾತ್ರ ಸಾಕಾಗಿತ್ತು. ಕಡತ ಬರೆಯುವ ಗುಮಾಸ್ತ ನಮ್ಮ ಹಳೆಯ ಜಾವಾದಲ್ಲಿ ಯಂತ್ರದ ರೂಢಿಯ ಸಂಕೇತವನ್ನೇ ಹಿಡಿಯುತ್ತಾನೆ. ಆ ಯಂತ್ರದ ರೂಢಿ ವಿಂಡೋಸ್-1252. ಅದು ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಮಾಡಿದ 256 ಮನೆಗಳ ಒಂದು ಕೋಷ್ಟಕ. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಮನೆಗಳನ್ನು ಬಿಟ್ಟಿದ್ದಾರೆ. ಆ ಸಣ್ಣ ಕೋಷ್ಟಕದಲ್ಲಿ ಒಂದೂ ಇಲ್ಲ. ತನ್ನಲ್ಲಿ ಮನೆಯಿಲ್ಲದ ಅಕ್ಷರ ಬಂದರೆ ಗುಮಾಸ್ತ ರೇಗುವುದಿಲ್ಲ, ತಡೆಯುವುದಿಲ್ಲ. ಒಂದು ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗುತ್ತಾನೆ. '50/-' ಎಂದದ್ದಕ್ಕೆ ಒಂದು ಪುಟ ಬೈದ ಯಂತ್ರ ಹದಿನೇಳು ಹೆಂಗಸರ ಹೆಸರು ಹೋಗುವಾಗ ಸುಮ್ಮನಿತ್ತು. 2022ರಲ್ಲಿ ಬಂದ ಜಾವಾದ 18ನೆಯ ಆವೃತ್ತಿಯಿಂದ ಯುಟಿಎಫ್-8 ತಾನಾಗಿಯೇ ರೂಢಿಯಾಗಿದೆಯಂತೆ. ಹೊಸ ಯಂತ್ರ, ಹೊಸ ಜಾವಾ ಉಳ್ಳವನಿಗೆ ಈ ಕಷ್ಟವೇ ಬರುತ್ತಿರಲಿಲ್ಲ. ಆದರೆ ಜಾವಾವನ್ನು ದೂರಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ಹತ್ತು ಬಾರಿ ಪರೀಕ್ಷೆ ಮಾಡಿದೆನಲ್ಲ, ಅದರಲ್ಲಿ ಒಂದು ಬಾರಿಯಾದರೂ 'ಎ ಬಿ ಸಿ'ಯ ಬದಲು ಅವ್ವನ ಹೆಸರನ್ನು ಹೊಡೆದು ನೋಡಿದ್ದರೆ?

ಒಳಗೆ ಬಂದು ಅವ್ವನಿಗೆ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವಳು ಪರದೆಯನ್ನು ನೋಡಿ, "ಇವೇನು, ಕುಡುಗೋಲು ಸಾಲಾಗಿ ನೇತುಹಾಕಿದಂಗವೆ" ಎಂದಳು. ಆಮೇಲೆ, "ಬರಕೋ, ನಾನು ಹೇಳ್ತೀನಿ" ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಯಾರು ಯಾರ ಪಕ್ಕದಲ್ಲಿ ಕುಳಿತಿದ್ದರು, ಯಾರಾದ ಮೇಲೆ ಯಾರನ್ನು ನಾನು ಕರೆದೆ, ಒಂದೊಂದಾಗಿ ಹೇಳಿಕೊಂಡು ಹೋದಳು. ನಾನು ಪೆನ್ನಿನಲ್ಲಿ, ಆ ಎಣ್ಣೆ ಕಲೆಯ ಪುಸ್ತಕದಲ್ಲಿ ಬರೆದುಕೊಂಡೆ.

ಬರೆಯುತ್ತಿರುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರಶ್ನೆ ಚಿಹ್ನೆಗಳು ಎಲ್ಲ ಸಾಲಿನಲ್ಲಿಯೂ ಒಂದೇ ಸಮನಾಗಿರಲಿಲ್ಲ. 'ಲಕ್ಷ್ಮಮ್ಮ' ಎಂಬ ಹೆಸರು ಓದುವವರಿಗೆ ಮೂರೇ ಅಕ್ಷರ. ಆದರೆ ಯಂತ್ರಕ್ಕೆ ಅದು ಒಂಬತ್ತು: ಆರು ವ್ಯಂಜನವಷ್ಟೇ ಸಾಲದೆ ಒತ್ತಕ್ಷರ ಮಾಡುವ ಅರ್ಧಾಕ್ಷರದ ಗುರುತು ಮೂರು ಕಡೆ. ನಾವು ಬೆರಳಚ್ಚಿಗೆ ಬಳಸುವುದು ಕೆ. ಪಿ. ರಾಯರು ರೂಪಿಸಿದ ವಿನ್ಯಾಸ. ಅದರಲ್ಲಿಯೂ ಈ ಹೆಸರಿಗೆ ಒಂಬತ್ತು ಕೀಲಿಗಳನ್ನೇ ಒತ್ತಬೇಕು. ಕಡತದಲ್ಲಿ ಅವ್ವ 'ಲಕ್ಷ್ಮಮ್ಮ' ಎಂದ ಕಡೆಯಲ್ಲೆಲ್ಲ ಎಣಿಸಿದರೆ ಚಿಹ್ನೆಗಳು ಒಂಬತ್ತೇ! ಗೌರಮ್ಮನಿಗೆ ಆರು, ನಿಂಗಮ್ಮನಿಗೆ ಏಳು, ಸಾವಿತ್ರಮ್ಮನಿಗೆ ಹತ್ತು. ಗುಮಾಸ್ತ ಹೆಸರನ್ನು ಕಳೆದಿದ್ದರೂ ಅದರ ಅಳತೆಯನ್ನು ಕಳೆದಿರಲಿಲ್ಲ. ನಮ್ಮ ಸಂಘದಲ್ಲಿ ಲಕ್ಷ್ಮಮ್ಮಂದಿರು ಮೂವರು. ಅವರ ಗಂಡಂದಿರ ಹೆಸರಿನ ಉದ್ದ ಬೇರೆ ಬೇರೆಯಾಗಿದ್ದುದರಿಂದ ಅವರೂ ಬೇರೆಯಾದರು. ಗಂಡನ ಹೆಸರಿನ ಚೌಕದಿಂದ ಆದ ಉಪಕಾರ ಅದೊಂದೇ.

ಹೀಗೆ ಅವ್ವ ಹೇಳುವುದು, ನಾನು ಎಣಿಸುವುದು. ಹನ್ನೊಂದರವರೆಗೆ ಸರಿಹೊಂದಿತು. ಹನ್ನೆರಡನೆಯದಕ್ಕೆ ಅವ್ವ ಜಯಮ್ಮ ಎಂದಳು, ಹದಿಮೂರನೆಯದಕ್ಕೆ ಪುಟ್ಟಮ್ಮ. ಜಯಮ್ಮನಿಗೆ ಐದು ಚಿಹ್ನೆ ಬರಬೇಕು. ಹನ್ನೆರಡನೆಯ ಸಾಲಿನಲ್ಲಿದ್ದುದು ಎಂಟು. ಆ ಸಾಲಿನ ಮೊತ್ತ 200. ಹದಿಮೂರನೆಯದರ ಮೊತ್ತ 50. ಇಬ್ಬರೂ ಮೂರು ಮೂರು ವಾರದ ಬಾಕಿ ಉಳಿಸಿಕೊಂಡಿದ್ದವರು. ಮಡಿಸಿದ ನೋಟುಗಳನ್ನು ನನ್ನ ಕೈಗೆ ಕೊಟ್ಟಿದ್ದರಿಂದ ಯಾರು ಎಷ್ಟು ಕೊಟ್ಟರೆಂದು ಅವ್ವ ಕಂಡಿರಲಿಲ್ಲ. ಫಾರಮ್ಮಿನ ಗದ್ದಲದಲ್ಲಿ ನನಗೂ ನೆನಪಿರಲಿಲ್ಲ.

"ಅವ್ವಾ, ಇಲ್ಲಿ ಎಂಟು ಇದೆ. ಜಯಮ್ಮನಿಗೆ ಐದೇ" ಎಂದೆ.

ಅವ್ವ ಕಣ್ಣು ತೆರೆಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದಳು. "ಹೌದು ಕಣ್ಲಾ," ಎಂದಳು ಕಡೆಗೆ, "ಅವಳ ಸರದಿ ಬಂದಾಗ ಕರು ಹಗ್ಗ ಬಿಚ್ಚಿಕೊಂಡಿತು ಅಂತ ಎದ್ದು ಓಡಿದಳಲ್ಲ. ಪುಟ್ಟಮ್ಮನೇ ಮೊದಲು ಕೊಟ್ಟಿದ್ದು."

ಮರುದಿನ ನಾನು ಮೊದಲ ಬಸ್ಸನ್ನು ಬಿಟ್ಟು ಹದಿನೇಳು ಮನೆಗೂ ಹೋದೆ. ಎಲ್ಲವೂ ಸರಿಯಾಗಿತ್ತು. ಪುಟ್ಟಮ್ಮನ ಮನೆಗೆ ಹೋದಾಗ ಆಕೆ, "ಯಾಕಪ್ಪಾ, ನನ್ನ ಇನ್ನೂರು ಸೇರಿದೆ ತಾನೆ? ಕೋಳಿ ಮಾರಿ ತೀರಿಸಿದೀನಿ. ಹುಡುಗಿಗೆ ಕಾಲೇಜಿನ ಫೀಜಿಗೆ ಸಾಲ ಕೇಳಬೇಕು" ಎಂದಳು. ಅವರ ಮನೆಯಿಂದ ಕಾಲೇಜಿಗೆ ಹೋಗುವವರಲ್ಲಿ ಆ ಹುಡುಗಿಯೇ ಮೊದಲನೆಯವಳು. ಸೇರಿದೆ ಎಂದೆ. ಆಕೆ ಕೊಟ್ಟ ಮಜ್ಜಿಗೆ ನನಗೆ ಗಂಟಲಿನಲ್ಲಿ ಇಳಿಯುವುದು ಕಷ್ಟವಾಯಿತು.

ಹಾಸ್ಟೆಲಿಗೆ ಬಂದ ಮೇಲೆ ಮೂರು ದಿನ ಫಾರಂ ತಿದ್ದಿದೆ. ನಮ್ಮ ಹಳೆಯ ಆವೃತ್ತಿಯ ಫೈಲ್‌ರೈಟರಿಗೆ ಸಂಕೇತ ಹೇಳಲು ಜಾಗವೇ ಇಲ್ಲ. ಅವನನ್ನು ತೆಗೆದು ಔಟ್‌ಪುಟ್‌ಸ್ಟ್ರೀಮ್‌ರೈಟರನ್ನು ಇಟ್ಟು ಅವನಿಗೆ ಯುಟಿಎಫ್-8 ಎಂದು ಹೇಳಿದೆ. ಒಂದೇ ಸಾಲಿನ ಕೆಲಸ. ಈ ಬಾರಿ ಪರೀಕ್ಷೆಗೆ ಲಕ್ಷ್ಮಮ್ಮ, ಪುಟ್ಟಮ್ಮ, ಜಯಮ್ಮ ಎಂದೇ ಹೊಡೆದೆ. ಹುಟ್ಟಿದ ದಿನಾಂಕದ ಚೌಕವನ್ನು ಕಿತ್ತುಹಾಕಿದೆ. ಗಂಡನ ಹೆಸರಿನ ಬದಲು 'ಮನೆಯ ಗುರುತು' ಎಂದು ಮಾಡಿದೆ; ಬಾವಿಮನೆ, ಹುಣಸೆಮರದ ಮನೆ ಎಂದು ಯಾರು ಬೇಕಾದರೂ ನಾಚದೆ ಹೇಳಬಹುದು.

ಮುಂದಿನ ಭಾನುವಾರ ಅದನ್ನು ತೋರಿಸಿ, ಇನ್ನೇನಾದರೂ ಬೇಕೆ ಎಂದು ಕೇಳಿದೆ. ಇದನ್ನು ನಾನು ಮೊದಲು ಕೇಳಿರಲಿಲ್ಲ. ಹಳೆಯ ಪುಸ್ತಕದ ಕೊನೆಯಲ್ಲಿ ಇದ್ದಂತೆ 'ಷರಾ' ಎಂದೊಂದು ಜಾಗ ಬೇಕೆಂದರು. 'ಮುಂದಿನ ವಾರ ಎರಡೂ ಸೇರಿಸಿ ಕೊಡುತ್ತಾಳೆ', 'ಹಬ್ಬಕ್ಕೆ ತವರಿಗೆ ಹೋಗಿದ್ದಾಳೆ' ಎಂದೆಲ್ಲ ಬರೆಯುವುದಕ್ಕೆ. ಷರಾ ಸೇರಿಸಿದೆ, ಅದನ್ನು ಖಾಲಿ ಬಿಟ್ಟರೂ ಫಾರಂ ತಕರಾರು ಮಾಡದಂತೆ ನೋಡಿಕೊಂಡೆ.

ಈಗ ನಮ್ಮ ಪರೀಕ್ಷೆ ಹತ್ತಿರ ಬಂದಿದೆ. ಹೋದ ಭಾನುವಾರ ಲೆಕ್ಕವೆಲ್ಲ ಮುಗಿದ ಮೇಲೆ ಅವ್ವ ತನ್ನ ಸಾಲಿನ ಷರಾದಲ್ಲಿ ಬರೆಯಲು ಒಂದು ಮಾತು ಹೇಳಿದಳು. ಅವಳು ಹೇಳಿದಂತೆಯೇ ಬರೆದು, ಗುಂಡಿಯನ್ನು ಅವಳ ಬೆರಳಿನಿಂದಲೇ ಒತ್ತಿಸಿ, ಕಡತವನ್ನು ತೆರೆದು ನೋಡಿದೆ. ಒಂದು ಅಕ್ಷರವೂ ಕೆಟ್ಟಿರಲಿಲ್ಲ:

'ಮಗನ ಪರೀಕ್ಷೆ ಮುಗಿಯುವ ತನಕ ಪುಸ್ತಕದಲ್ಲಿ ಬರೆಯುವುದು.'